ಎಸ್ಪ್ರೆಸೊ ಯಂತ್ರಕ್ಕೊಂದು ರೀಸೆಟ್ ಸರ್ಕ್ಯೂಟ್

ನಮಸ್ಕಾರ. ಕೋಲಾರದ ನಮ್ಮ ಅಡುಗೆಮನೆಯಲ್ಲಿರುವ ಈ ಎಸ್ಪ್ರೆಸೊ ಯಂತ್ರವನ್ನು ಹಿಂದಿನ ವಿಡಿಯೊಗಳಲ್ಲಿ ನೀವು ನೋಡಿದ್ದೀರಿ. ಒಂದೇ ಬಾಯ್ಲರ್ ಇರುವ ಸಣ್ಣ ಯಂತ್ರವಿದು. ಇದರ ಥರ್ಮೋಸ್ಟಾಟ್ ಮಾಡುತ್ತಿದ್ದ ಕೆಲಸವನ್ನು ಉಷ್ಣತೆ ಅಳೆಯುವ ಒಂದು ಥರ್ಮೋಕಪಲ್, ಹೀಟರಿಗೆ ಎಲೆಕ್ಟ್ರಾನಿಕ್ ಸ್ವಿಚ್ಚಾಗಿರುವ ಒಂದು ಸಾಲಿಡ್ ಸ್ಟೇಟ್ ರಿಲೇ ಮತ್ತು ಪ್ರೋಗ್ರಾಮು ನಡೆಸುವ ಪುಟ್ಟ ಕಂಪ್ಯೂಟರಿನಂಥ ಒಂದು ಅರ್ಡುಯಿನೊ ನ್ಯಾನೊ ಬೋರ್ಡಿಗೆ ವಹಿಸಿ, ನೀರಿನ ಉಷ್ಣತೆ 93 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ನಿಲ್ಲುವಂತೆ ಮಾಡಿಕೊಂಡಿದ್ದೇನೆ. ಕರೆಂಟು ಸರಿಯಾಗಿ ಇರುವವರೆಗೆ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ.

ಕರೆಂಟು ಪೂರ್ತಿ ಹೋದರೂ ಚಿಂತೆಯಿಲ್ಲ. ಮತ್ತೆ ಬಂದಾಗ ಬೋರ್ಡು ಮೊದಲಿನಿಂದ ಶುರುವಾಗುತ್ತದೆ. ತೊಂದರೆ ಕೊಡುವುದು ಅರ್ಧಂಬರ್ಧ ಹೋಗಿ ಬರುವ ಕರೆಂಟು. ಕೊಳವೆಬಾವಿಯ ಮೋಟಾರು ಚಾಲೂ ಆಗುವ ಕ್ಷಣದಲ್ಲಿ ತನ್ನ ಸಾಮಾನ್ಯ ಬಳಕೆಯ ಐದಾರು ಪಟ್ಟು ಕರೆಂಟನ್ನು ಎಳೆಯುವುದರಿಂದ, ಅದೇ ಲೈನಿನಲ್ಲಿರುವ ಮನೆಗಳ ದೀಪಗಳು ಒಮ್ಮೆ ಮಂಕಾಗಿ ಬೆಳಗುವುದನ್ನು ನಮ್ಮ ಕಡೆಯವರೆಲ್ಲ ಕಂಡಿರುತ್ತಾರೆ. 1902ರಲ್ಲೇ ಶಿವನಸಮುದ್ರದಿಂದ ಕೆಜಿಎಫ್ ಗಣಿಗಳಿಗೆ ವಿದ್ಯುತ್ ತರಿಸಿಕೊಂಡ ಸೀಮೆ ನಮ್ಮದು ಎಂಬ ಹೆಮ್ಮೆ ಇದೆಯಾದರೂ, ಆ ಹೆಮ್ಮೆಯಿಂದ ವೋಲ್ಟೇಜು ನೆಟ್ಟಗೆ ನಿಲ್ಲುವುದಿಲ್ಲ.

ದೀಪ ಮಂಕಾಗುವ ಆ ಹೊತ್ತಿನಲ್ಲಿ ಬೋರ್ಡಿನ 5 ವೋಲ್ಟ್ ಸರಬರಾಜು 3 ವೋಲ್ಟ್‌ಗೆ ಕುಸಿದು ಮತ್ತೆ ಮೇಲೇರಬಹುದು. ನ್ಯಾನೊದಲ್ಲಿರುವ ಎಟಿಮೆಗಾ 328ಪಿ ಚಿಪ್ 16 ಮೆಗಾಹರ್ಟ್ಸ್ ವೇಗದಲ್ಲಿ ಓಡಬೇಕಾದರೆ ಸುಮಾರು 4 ವೋಲ್ಟ್ ಆದರೂ ಬೇಕು. ಆದರೆ ಚಿಪ್‌ನ ಒಳಗಿರುವ ಬ್ರೌನ್‌ಔಟ್ ಕಾವಲು, ಅಂದರೆ ವೋಲ್ಟೇಜು ಕುಸಿದರೆ ಚಿಪ್ಪನ್ನು ರೀಸೆಟ್ ಮಾಡಿ ಮೊದಲಿನಿಂದ ಶುರುಮಾಡಿಸುವ ವ್ಯವಸ್ಥೆ, ಈ ಬೋರ್ಡುಗಳಲ್ಲಿ 2.7 ವೋಲ್ಟ್‌ಗೆ ಹೊಂದಿಸಿರುತ್ತದೆ. ಈ ಎರಡರ ನಡುವಿನ ವೋಲ್ಟೇಜಿನಲ್ಲಿ ಚಿಪ್ ರೀಸೆಟ್ ಆಗುವುದೂ ಇಲ್ಲ, ಪ್ರೋಗ್ರಾಮನ್ನು ಸರಿಯಾಗಿ ನಡೆಸುತ್ತದೆಂಬ ಖಾತರಿಯೂ ಇಲ್ಲ. ಹೀಟರ್ ಆನ್ ಆಗಿದ್ದಾಗಲೇ ಪ್ರೋಗ್ರಾಮು ಸ್ತಬ್ಧವಾದರೆ ರಿಲೇ ಆನ್ ಆಗಿಯೇ ಉಳಿಯುತ್ತದೆ. ಆಮೇಲೆ ಬಾಯ್ಲರನ್ನು ಕಾಯುವುದು ಅತಿಯಾಗಿ ಬಿಸಿಯಾದರೆ ಕರೆಂಟು ಕಡಿಯುವ ಥರ್ಮಲ್ ಫ್ಯೂಸ್ ಒಂದೇ. ಸಾಲಿಡ್ ಸ್ಟೇಟ್ ರಿಲೇ ಕೆಟ್ಟರೂ ಸಾಮಾನ್ಯವಾಗಿ ಆನ್ ಸ್ಥಿತಿಯಲ್ಲೇ ಕೆಡುತ್ತದೆ. ಆದ್ದರಿಂದ ನೀವು ಯಂತ್ರದಲ್ಲಿ ಏನನ್ನೇ ಬದಲಿಸಿದರೂ ಆ ಫ್ಯೂಸನ್ನು ಮಾತ್ರ ಕೀಳಬೇಡಿ.

ಸರಬರಾಜಿಗೆ ದೊಡ್ಡ ಕೆಪಾಸಿಟರ್ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಬೋರ್ಡು ಮತ್ತು ಡಿಸ್‌ಪ್ಲೇ ಸೇರಿ 60 ಮಿಲಿಆಂಪಿಯರ್ ಎಳೆಯುತ್ತವೆ ಎಂದಿಟ್ಟುಕೊಂಡರೆ, 1000 ಮೈಕ್ರೊಫ್ಯಾರಡ್ ಕೆಪಾಸಿಟರಿನ ವೋಲ್ಟೇಜು ಸುಮಾರು 17 ಮಿಲಿಸೆಕೆಂಡಿಗೆ 1 ವೋಲ್ಟ್‌ನಂತೆ ಇಳಿಯುತ್ತದೆ. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತಿಗೆ 20 ಮಿಲಿಸೆಕೆಂಡು ಬೇಕು. ಅಂದರೆ ಅಷ್ಟು ದಪ್ಪ ಕೆಪಾಸಿಟರ್ ಕೂಡ ಒಂದು ಸುತ್ತನ್ನು ದಾಟಿಸಲಾರದು.

ಎರಡನೆಯ ದಾರಿ ರೀಸೆಟ್ ಪಿನ್ನಿಗೆ 10 ಕಿಲೋಓಮ್ ರೆಸಿಸ್ಟರ್, 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಮತ್ತು ಒಂದು ಡಯೋಡ್ ಜೋಡಿಸುವುದು. ಪಠ್ಯಪುಸ್ತಕಗಳಲ್ಲಿ ಸಿಗುವ ಸರ್ಕ್ಯೂಟ್ ಇದೇ. ಕರೆಂಟು ಪೂರ್ತಿ ಹೋಗಿ ಬಂದಾಗ ಇದು ಸುಮಾರು 100 ಮಿಲಿಸೆಕೆಂಡು ಚಿಪ್ಪನ್ನು ತಡೆದು ನಿಲ್ಲಿಸುತ್ತದೆ. ಆದರೆ ಸರಬರಾಜು 3 ವೋಲ್ಟ್‌ಗೆ ಮಾತ್ರ ಇಳಿದಾಗ, ಡಯೋಡಿನ ಮೂಲಕ ಖಾಲಿಯಾಗುವ ಕೆಪಾಸಿಟರ್ 3.6 ವೋಲ್ಟ್‌ನ ಹತ್ತಿರವೇ ನಿಂತುಬಿಡುತ್ತದೆ. ರೀಸೆಟ್ ಆಗಲು ಆ ಪಿನ್ನು ಸೊನ್ನೆಯ ಸಮೀಪಕ್ಕೆ ಬರಬೇಕು. ಹೀಗಾಗಿ ನಮಗೆ ಬೇಕಾದ ಸಂದರ್ಭದಲ್ಲೇ ಈ ಸರ್ಕ್ಯೂಟ್ ಕೈಕೊಡುತ್ತದೆ. ಚಿಪ್‌ನ ಫ್ಯೂಸ್ ಬಿಟ್ (ಇದು ಥರ್ಮಲ್ ಫ್ಯೂಸ್ ಅಲ್ಲ, ಚಿಪ್ಪಿನೊಳಗಿನ ಒಂದು ಸೆಟ್ಟಿಂಗ್) ಬದಲಿಸಿ ಒಳಗಿನ ಕಾವಲನ್ನು 4.3 ವೋಲ್ಟ್‌ಗೆ ಏರಿಸುವುದು ಒಳ್ಳೆಯ ಉಪಾಯವೇ. ಆದರೆ ಅದಕ್ಕೆ ಪ್ರತ್ಯೇಕ ಪ್ರೋಗ್ರಾಮರ್ ಬೇಕು.

ಆದ್ದರಿಂದ ನಾನು ಆರಿಸಿಕೊಂಡದ್ದು ಮ್ಯಾಕ್ಸ್ 803 ಎಂಬ ಮೂರೇ ಕಾಲಿನ ಚಿಪ್. ರೆಸಿಸ್ಟರ್, ಕೆಪಾಸಿಟರುಗಳು ಊರಿನಲ್ಲೇ ಸಿಕ್ಕವು. ಈ ಚಿಪ್‌ಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕಾಯಿತು. ಇದು ಸರಬರಾಜನ್ನು ಸದಾ ಅಳೆಯುತ್ತಿದ್ದು, ವೋಲ್ಟೇಜು ನಿಗದಿತ ಮಟ್ಟದಿಂದ ಕೆಳಗಿಳಿದ ಕೂಡಲೇ ರೀಸೆಟ್ ಪಿನ್ನನ್ನು ಗ್ರೌಂಡಿಗೆ, ಅಂದರೆ ಸೊನ್ನೆ ವೋಲ್ಟ್‌ಗೆ, ಎಳೆಯುತ್ತದೆ ಮತ್ತು ವೋಲ್ಟೇಜು ಸರಿಹೋದ ಮೇಲೂ ಕನಿಷ್ಠ 140 ಮಿಲಿಸೆಕೆಂಡು ಹಾಗೆಯೇ ಹಿಡಿದಿರುತ್ತದೆ. ಇದರ ಅಣ್ಣತಮ್ಮನಂಥ ಮ್ಯಾಕ್ಸ್ 809 ಹೆಚ್ಚು ಪ್ರಸಿದ್ಧ. ಆದರೆ ಅದು ಪಿನ್ನನ್ನು ಮೇಲಕ್ಕೂ ಬಲವಾಗಿ ತಳ್ಳುವುದರಿಂದ ಬೋರ್ಡಿನ ರೀಸೆಟ್ ಬಟನ್ನಿನೊಂದಿಗೆ ಜಗಳಕ್ಕೆ ನಿಲ್ಲುತ್ತದೆ. 803 ಕೆಳಕ್ಕೆ ಮಾತ್ರ ಎಳೆಯುತ್ತದೆ. ಇದರಲ್ಲೂ 4.63 ವೋಲ್ಟ್‌ನ ಎಲ್ ಮಾದರಿಯನ್ನು ಬಿಟ್ಟು 4.38 ವೋಲ್ಟ್‌ನ ಎಂ ಮಾದರಿಯನ್ನು ಕೊಳ್ಳಿ. ಯುಎಸ್‌ಬಿ ಕೇಬಲ್ಲಿನಿಂದ ನ್ಯಾನೊ ನಡೆಸುವಾಗ, ಬೋರ್ಡಿನಲ್ಲಿರುವ ಡಯೋಡಿನ ದೆಸೆಯಿಂದ ಸಿಗುವುದು 4.7 ವೋಲ್ಟ್‌ನ ಆಸುಪಾಸು ಮಾತ್ರ. ಎಲ್ ಮಾದರಿಯಿದ್ದರೆ ಬೋರ್ಡು ಸುಮ್ಮಸುಮ್ಮನೆ ರೀಸೆಟ್ ಆಗಬಹುದು.

ಜೋಡಣೆ ನೀವು ತೆರೆಯ ಮೇಲೆ ನೋಡುತ್ತಿರುವಷ್ಟೇ. ಒಂದನೆಯ ಕಾಲು ಗ್ರೌಂಡಿಗೆ, ಎರಡನೆಯದು ರೀಸೆಟ್ ಪಿನ್ನಿಗೆ, ಮೂರನೆಯದು 5 ವೋಲ್ಟ್‌ಗೆ. ಚಿಪ್‌ನ ಪಕ್ಕದಲ್ಲೇ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್. ಇದರ ಜೊತೆಗೆ ರಿಲೇಯ ಇನ್‌ಪುಟ್ ಎರಡೂ ತುದಿಗಳ ನಡುವೆ 10 ಕಿಲೋಓಮ್ ರೆಸಿಸ್ಟರ್ ಹಾಕಿದ್ದೇನೆ. ರೀಸೆಟ್ ಆಗಿರುವಾಗ ಎಟಿಮೆಗಾದ ಪಿನ್ನುಗಳು ಯಾವ ಕಡೆಗೂ ಎಳೆಯದೆ ತೇಲುತ್ತಿರುತ್ತವೆ. ಆಗ ಹೀಟರ್ ಬಂದ್ ಆಗಿಯೇ ಇರುವಂತೆ ಈ ರೆಸಿಸ್ಟರ್ ನೋಡಿಕೊಳ್ಳುತ್ತದೆ. ಬೆಸುಗೆ ಹಾಕುವ ಮುನ್ನ ಯಂತ್ರದ ಪ್ಲಗ್ ಕಿತ್ತು ಪಕ್ಕಕ್ಕಿಡಿ. ಒಳಗೆ 230 ವೋಲ್ಟ್ ಹರಿಯುವ ಪೆಟ್ಟಿಗೆ ಇದು.

ರೀಸೆಟ್ ಆದ ಮೇಲೆ ಯಂತ್ರ ತಾನಾಗಿ ಬಿಸಿಯಾಗಲು ಶುರುಮಾಡಬೇಕೇ ಎಂಬ ಪ್ರಶ್ನೆಯ ಬಗ್ಗೆ ನಾನು ಸರ್ಕ್ಯೂಟಿಗಿಂತ ಹೆಚ್ಚು ಯೋಚಿಸಿದೆ. ಬೆಳಿಗ್ಗೆ ಕರೆಂಟು ಹೋಗಿ, ಮನೆಯವರೆಲ್ಲ ಹೊರಟ ಮೇಲೆ ಮಧ್ಯಾಹ್ನ ಬಂದಾಗ ಖಾಲಿ ಮನೆಯಲ್ಲಿ ಹೀಟರ್ ಉರಿಯುವುದು ನನಗೆ ಒಪ್ಪಿಗೆಯಿಲ್ಲ. ಹಾಗಾಗಿ ಪ್ರೋಗ್ರಾಮು ಶುರುವಾದ ಕೂಡಲೇ ಬಾಯ್ಲರಿನ ಉಷ್ಣತೆಯನ್ನು ಓದುತ್ತದೆ. ಅದು 80 ಡಿಗ್ರಿಗಿಂತ ಮೇಲಿದ್ದರೆ ಕರೆಂಟು ಆಗಷ್ಟೇ ಹೋಗಿ ಬಂದಿದೆ ಎಂದು ತಿಳಿದು ಕೆಲಸ ಮುಂದುವರಿಸುತ್ತದೆ. ಕೆಳಗಿದ್ದರೆ ಯಾರಾದರೂ ಬಟನ್ ಒತ್ತುವವರೆಗೂ ಸುಮ್ಮನಿರುತ್ತದೆ. ಎರಡೂ ಸಂದರ್ಭಗಳಲ್ಲಿ ಅರ್ಧ ಗಂಟೆ ಯಾರೂ ಬಳಸದಿದ್ದರೆ ಹೀಟರ್ ಆರುತ್ತದೆ.

ಪರೀಕ್ಷೆಗೆ ಹೀಟರ್ ಬೇಡ. ರಿಲೇಯ ಜಾಗದಲ್ಲಿ ಒಂದು ಎಲ್‌ಇಡಿ ಇಟ್ಟು, ಹೊಂದಿಸಬಹುದಾದ ಡಿಸಿ ಸರಬರಾಜಿನಿಂದ 5 ವೋಲ್ಟನ್ನು ನಿಧಾನವಾಗಿ ಇಳಿಸುತ್ತಾ ಬನ್ನಿ. 4.38ರ ಹತ್ತಿರ ಎಲ್‌ಇಡಿ ಆರಬೇಕು. ಮತ್ತೆ ಏರಿಸಿದಾಗ, ನಮ್ಮ ಪ್ರೋಗ್ರಾಮಿಗೂ ಮೊದಲು ಓಡುವ ಬೂಟ್‌ಲೋಡರಿನ ಒಂದೆರಡು ಸೆಕೆಂಡು ಸೇರಿ, ಸ್ವಲ್ಪ ತಡೆದು ಪ್ರೋಗ್ರಾಮು ಶುರುವಾಗಬೇಕು. ನ್ಯಾನೊ ಬದಲು 3.3 ವೋಲ್ಟ್‌ನ ಇಎಸ್‌ಪಿ 32 ಬಳಸಿರುವವರು ಇದೇ ಚಿಪ್‌ನ 3.08 ವೋಲ್ಟ್‌ನ ಟಿ ಮಾದರಿಯನ್ನು ತಂದು, ಎರಡನೆಯ ಕಾಲನ್ನು ಅಲ್ಲಿ ರೀಸೆಟ್ ಪಿನ್ನಿನ ಕೆಲಸ ಮಾಡುವ ಇಎನ್ ಪಿನ್ನಿಗೆ ಜೋಡಿಸಬೇಕು.