ಕ್ಯಾಪ್ಟನ್ ಹುಮಾಯೂನ್ ಯಾವೂರಿನವನು?

ನಮಸ್ಕಾರ. ಬಜಪೆ ಏರ್‌ಪೋರ್ಟಿನ ಹೊರಗೆ ನಿಂತು ನೋಡಿದ್ದೀರಾ? ದುಬೈ ವಿಮಾನ ಇಳಿದಿರ್ತದೆ. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ, ಅದರ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು, ಪೆಟ್ಟಿಗೆಯ ಮೇಲೆ ನಿದ್ದೆಗಣ್ಣಿನ ಒಂದು ಮಗು. ಅಜ್ಜಿ ಎತ್ತಿ ಮುದ್ದಾಡುವಷ್ಟರಲ್ಲಿ ಪಕ್ಕದವರು ಯಾರೋ ಕೇಳ್ತಾರೆ, "ಪುಟ್ಟಾ, ನಿಂದು ಯಾವೂರು?" ಮಗು ಅಪ್ಪನ ಮುಖ ನೋಡ್ತದೆ. ಹುಟ್ಟಿದ ದೇಶದಲ್ಲಿ ಅದಕ್ಕೆ ಪೌರತ್ವ ಇಲ್ಲ. ಊರು ಅಂದ್ರೆ ರಜೆಯ ಒಂದು ತಿಂಗಳು.

ಹಾಗೆಯೇ ಯುಎಇಯಲ್ಲಿ 1976ರಲ್ಲಿ ಹುಟ್ಟಿದವನು ಹುಮಾಯೂನ್ ಖಾನ್. ಅಪ್ಪ ಖಿಜ್ರ್, ಅಮ್ಮ ಗಜಾಲಾ, ಪಾಕಿಸ್ತಾನದವರು. ಪಾಕಿಸ್ತಾನ ಅಂದ ಕೂಡಲೇ ವಿಡಿಯೊ ನಿಲ್ಲಿಸಬೇಡಿ, ಪೂರ್ತಿ ಕೇಳಿ. ಮಗ ಚಿಕ್ಕವನಿರುವಾಗಲೇ ಅವರು ಅಮೆರಿಕದ ಮೇರಿಲ್ಯಾಂಡಿಗೆ ಹೋದರು. ಹೈಸ್ಕೂಲಿನಲ್ಲಿ ಈ ಹುಡುಗ ಅಂಗವಿಕಲ ಮಕ್ಕಳಿಗೆ ಈಜು ಕಲಿಸ್ತಿದ್ದ. ನೀರಿಗೆ ಹೆದರುವ ಮಗುವಿನ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ತೇಲಿಸುವುದಕ್ಕೆ ಎಷ್ಟು ತಾಳ್ಮೆ ಬೇಕು ಅಂತ ಕೆರೆಯಲ್ಲಿ ಈಜು ಕಲಿತ ನಮಗೆ ಗೊತ್ತುಂಟು. 2000ದಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಪದವಿ, ಆಮೇಲೆ ಅಮೆರಿಕದ ಸೇನೆ. ಮುಂದೆ ಕಾನೂನು ಓದುವ ಆಸೆಯೂ ಇತ್ತು.

2004ರ ಜೂನ್ 8. ಇರಾಕಿನ ಬಾಕುಬಾ. ಶಿಬಿರದ ಗೇಟಿನ ಕಡೆಗೆ ಒಂದು ಟ್ಯಾಕ್ಸಿ ಬಂತು. ಜೊತೆಯವರಿಗೆ ಹಿಂದೆ ಸರಿಯಲು ಹೇಳಿ, ತಾನೊಬ್ಬನೇ ಅದನ್ನು ತಡೆಯಲು ಮುಂದೆ ನಡೆದ. ಟ್ಯಾಕ್ಸಿ ಸ್ಫೋಟವಾಯ್ತು. ಅವನಿಗೆ 27 ವರ್ಷ.

ಹನ್ನೆರಡು ವರ್ಷ ಕಳೆದು, 2016ರ ಜುಲೈ 28ರಂದು ಫಿಲಡೆಲ್ಫಿಯಾದಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶದ ವೇದಿಕೆಯಲ್ಲಿ ಅಪ್ಪ ಕೋಟಿನ ಜೇಬಿನಿಂದ ಸಂವಿಧಾನದ ಪುಟ್ಟ ಪುಸ್ತಕ ತೆಗೆದು ತೋರಿಸಿದರು. ಮುಸ್ಲಿಮರನ್ನು ದೇಶದೊಳಗೆ ಬಿಡಬಾರದು ಅಂತ, ಎದುರಾಳಿ ಪಕ್ಷದಿಂದ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಟ್ರಂಪ್ ಹೇಳಿದ್ದ ಕಾಲ ಅದು. ಪಕ್ಕದಲ್ಲಿ ಅಮ್ಮ ಮಾತಿಲ್ಲದೆ ನಿಂತಿದ್ದರು. ಅವರಿಗೆ ಮಾತಾಡಲು ಅನುಮತಿ ಇರಲಿಲ್ಲವೇನೋ ಅಂದರು ಟ್ರಂಪ್.

ನನ್ನ ಹೊಟ್ಟೆ ಉರಿಯುವುದು ಇಲ್ಲಿ. ಹುಮಾಯೂನ್ ಬದುಕಿ, ವಕೀಲನಾಗಿ, ಮನೆ ಸಾಲದ ಕಂತು ಕಟ್ಟಿಕೊಂಡು ಇದ್ದಿದ್ದರೆ ಆ ಮನೆಯವರು ಆ ದೇಶದವರಲ್ಲವಾ? ನಾವು ಇಲ್ಲಿಯವರು ಅಂತ ಹೇಳಲು ಒಬ್ಬ ಅಪ್ಪ ಮಗನ ಗೋರಿ ತೋರಿಸಬೇಕಾ? ಇದನ್ನು ದೂರದ ಅಮೆರಿಕದ ಕತೆ ಅಂತ ಬಿಡಲು ನನ್ನಿಂದ ಆಗುವುದಿಲ್ಲ. ಮಲ್ಪೆ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವವರು ಇಪ್ಪತ್ತು ವರ್ಷ ಇಲ್ಲೇ ಇದ್ದರೂ ನಮ್ಮ ಬಾಯಲ್ಲಿ "ಘಟ್ಟದವರು" ಆಗಿಯೇ ಉಳಿದಿದ್ದಾರೆ. ಅವರ ಮಕ್ಕಳು ಇಲ್ಲಿಯ ಶಾಲೆಯಲ್ಲೇ ಓದ್ತಾರೆ, ನಮ್ಮ ಮಕ್ಕಳಿಗಿಂತ ಚಂದ ತುಳು ಮಾತಾಡ್ತಾರೆ.

ತಾನು ಯಾಕೆ ಮಾತಾಡಲಿಲ್ಲ ಅಂತ ಗಜಾಲಾ ಆಮೇಲೆ ಪತ್ರಿಕೆಯಲ್ಲಿ ಬರೆದರು. ಮಗನ ಫೋಟೊ ಇರುವ ಕೋಣೆಗೆ ಕಾಲಿಡಲು ಅವರಿಗೆ ಆಗಲೂ ಆಗ್ತಿರಲಿಲ್ಲವಂತೆ. ಅವನ ವಸ್ತುಗಳಿದ್ದ ಕಪಾಟನ್ನು ಅಷ್ಟು ವರ್ಷ ಆದರೂ ಚೊಕ್ಕ ಮಾಡಲಾಗಲಿಲ್ಲ. ಕೊನೆಗೆ ಸೊಸೆಗೆ ಹೇಳಬೇಕಾಯ್ತು.