ಗಾಣದ ಬೇರಿಂಗು, ಟ್ರಕ್ಕಿನ ಆಯಿಲ್ ಸೀಲು

ಕೇಳುಗರಿಗೆ ನಮಸ್ಕಾರ. ಕಬ್ಬು ಕಡಿದು ರಾಶಿ ಹಾಕಿದ ಮೇಲೆ ಗಾಣದ ಬೇರಿಂಗ್ ಹೋದರೆ ಏನು ಪಾಡು ಅಂತ ಮಂಡ್ಯದ ಆಲೆಮನೆಯವರಿಗೆ ನಾನು ಹೇಳಬೇಕಾಗಿಲ್ಲ. ಆಗ ಅದರ ಬೆಲೆ ಯಾರೂ ಕೇಳುವುದಿಲ್ಲ, ಇವತ್ತೇ ಸಿಗುತ್ತದಾ ಅಂತ ಮಾತ್ರ ಕೇಳುತ್ತಾರೆ, ಅಲ್ವಾ?

ಸೈನ್ಯದ ಆರ್ಡ್‌ನೆನ್ಸ್ ಡಿಪೋದಲ್ಲಿ, ಅಂದರೆ ಸಾಮಾನು, ಬಿಡಿಭಾಗ ಇಡುವ ಉಗ್ರಾಣದಲ್ಲಿ, ಸ್ಟೋರ್ ನೋಡಿಕೊಂಡಷ್ಟು ವರ್ಷವೂ ನನ್ನ ತಲೆಯಲ್ಲಿ ಇದೇ ಕೊರೆಯುತ್ತಿತ್ತು. ಅಲ್ಲಿ ಸಾಮಾನನ್ನು ಬೆಲೆ ನೋಡಿ ವಿಂಗಡಿಸಿದರೆ ಸಾಲದು. ಅದಿಲ್ಲದಿದ್ದರೆ ಗಾಡಿ ನಿಲ್ಲುತ್ತದಾ ಅಂತಲೂ ನೋಡಬೇಕು. ಇದಕ್ಕೆ ವಿಇಡಿ ಅನ್ನುತ್ತೇವೆ: ವೈಟಲ್ ಅಂದರೆ ಇಲ್ಲದಿದ್ದರೆ ಗಾಡಿ ನಿಲ್ಲುವಂಥದ್ದು, ಎಸೆನ್ಷಿಯಲ್ ಅಂದರೆ ಬೇಕಾದದ್ದು, ಡಿಸೈರಬಲ್ ಅಂದರೆ ಇದ್ದರೆ ಒಳ್ಳೆಯದು. ಎಣ್ಣೆ ಸೋರದಂತೆ ತಡೆಯುವ ಪುಡಿಗಾಸಿನ ಆಯಿಲ್ ಸೀಲು ವೈಟಲ್ ಆಗಬಹುದು, ದುಬಾರಿ ಸೀಟು ಆಗದಿರಬಹುದು.

ಇನ್ನೊಂದು ತೊಡಕು ಹೆಸರಿನದು. ಒಂದೇ ವಾಷರಿಗೆ ಒಂದೊಂದು ವರ್ಕ್‌ಶಾಪಿನಲ್ಲಿ ಒಂದೊಂದು ಹೆಸರು, ಹಾಗಾಗಿ ಅದನ್ನೇ ಎರಡು ಸಲ ಕೊಂಡು, ನಿಜವಾಗಿ ಬೇಕಾದದ್ದನ್ನು ಬಿಟ್ಟಿರುತ್ತೇವೆ. ಅದಕ್ಕೇ ಪ್ರತಿ ವಸ್ತುವಿಗೂ 13 ಅಂಕಿಯ ನಂಬರ್ ಕೊಡುವ, ನೇಟೋ ಸೇನಾ ಒಕ್ಕೂಟದ ದೇಶಗಳು ಕಟ್ಟಿದ ಪದ್ಧತಿಯನ್ನು ನಾವೂ ಬಳಸುತ್ತೇವೆ. ಮೊದಲ 4 ಅಂಕಿ ವರ್ಗದ್ದು. 5310 ಅಂದರೆ ನಟ್ಟು, ವಾಷರು. 3110 ಅಂದರೆ ಬೇರಿಂಗು. ಆಮೇಲಿನ 2 ದೇಶದ್ದು, ಭಾರತಕ್ಕೆ 72. ಉಳಿದ 7 ಆ ವಸ್ತುವಿನದೇ. ಒಮ್ಮೆ ನನ್ನ ಇಂಡೆಂಟಿನಲ್ಲಿ, ಅಂದರೆ ಬೇಡಿಕೆ ಪತ್ರದಲ್ಲಿ, ಒಂದೇ ಅಂಕಿ ತಪ್ಪಿತು. ತಿಂಗಳುಗಟ್ಟಲೆ ಕಾದು ಪೆಟ್ಟಿಗೆ ಬಿಚ್ಚಿದರೆ ಅಳತೆಯೇ ಬೇರೆ. ಗಾಡಿ ನಿಂತೇ ಇತ್ತು. ಆ ಡ್ರೈವರ್‌ನ ಮುಖ ಇವತ್ತಿಗೂ ಮರೆತಿಲ್ಲ.

ಇಂಡೆಂಟ್, ಟೆಂಡರ್, ಸ್ಯಾಂಪಲ್, ಆರ್ಡರ್, ತಪಾಸಣೆ, ಎಲ್ಲಕ್ಕೂ ಕಾಲ ಹಿಡಿಯುತ್ತದೆ. ಆದರೂ ಹಿಮ ಬಿದ್ದು ಜೋಜಿಲಾ ಕಣಿವೆದಾರಿ ಮುಚ್ಚುವ ಮೊದಲೇ ಲಡಾಖ್‌ಗೆ ಚಳಿಗಾಲದ ಸೀಮೆಎಣ್ಣೆ, ಬಟ್ಟೆ, ಊಟ ಎಲ್ಲ ತಲುಪಿರಬೇಕು. ಸೈನಿಕರ ಊಟದ ಮೇಲೆ ಸಂಶೋಧನೆ ಮಾಡುವ ಡಿಎಫ್‌ಆರ್‌ಎಲ್ ಪ್ರಯೋಗಾಲಯ ನಮ್ಮ ಮೈಸೂರಿನಲ್ಲೇ ಇದೆ, 1961ರಿಂದ. ಕೆಡದ ಚಪಾತಿಯನ್ನು ಮಾಡಿಕೊಟ್ಟವರು ಇವರೇ. ಎಷ್ಟು ಮೈಸೂರಿನವರಿಗೆ ಗೊತ್ತು?

ಈಗ ಮೈಸೂರಿನ ಹೆಬ್ಬಾಳ, ಮೇಟಗಳ್ಳಿಯ ಲೇತ್ ಮಾಲೀಕರಿಗೆ ಎರಡು ಮಾತು. 2020ರಲ್ಲಿ ಶುರುವಾದ ರಕ್ಷಣಾ ಸಚಿವಾಲಯದ ಸೃಜನ್ ಅನ್ನುವ ಪೋರ್ಟಲ್‌ನಲ್ಲಿ, ಸೈನ್ಯಕ್ಕೆ ಹೊರದೇಶದಿಂದ ತರಿಸುತ್ತಿದ್ದ ಬಿಡಿಭಾಗಗಳ ಪಟ್ಟಿ ಇದೆ, ಇಲ್ಲಿ ಮಾಡುವವರನ್ನೇ ಹುಡುಕುತ್ತಿದ್ದಾರೆ. ನೋಂದಾಯಿಸಿದ ಸಣ್ಣ ಉದ್ಯಮಕ್ಕೆ ಟೆಂಡರ್ ಹಾಕುವಾಗ ಕಟ್ಟುವ ಇಎಂಡಿ ಠೇವಣಿಯಲ್ಲಿ ವಿನಾಯಿತಿಯೂ ಉಂಟು. ಆದರೆ ಕಡಿಮೆ ದರ ಹಾಕಿದರೆ ಆರ್ಡರ್ ಸಿಕ್ಕೇ ಸಿಗುತ್ತದೆ ಅಂತ ಸುಮ್ನೆ ಬರೆಯಬೇಡಿ. ಡ್ರಾಯಿಂಗ್ ಕೈಗೆ ಬಂದ ಕೂಡಲೇ ಉಕ್ಕಿನ ದರ್ಜೆ ಯಾವುದು, ರಬ್ಬರಿನದು ಯಾವುದು ಅಂತ ಓದಿ. ರೇಟು ಆಮೇಲೆ.