ವೈಸ್‌ರಾಯ್ ಕಾಲದ ಡಾಕ್ಟರು, ಗಣರಾಜ್ಯದ ಮಂತ್ರಿ

ಕೇಳುಗರಿಗೆ ನಮಸ್ಕಾರ. ಇವತ್ತು ದಕ್ಷಿಣ ಅಮೆರಿಕದ ಪೆರು ದೇಶದ ಒಬ್ಬ ಡಾಕ್ಟರ ವಿಷಯ. ಆಗ ಆ ದೇಶವನ್ನು ಸ್ಪೇನಿನ ದೊರೆಯ ಪರವಾಗಿ ವೈಸ್‌ರಾಯ್ ಆಳುತ್ತಿದ್ದ. ಹೆಸರು ಇಪೋಲಿತೊ ಉನಾನುವೆ.

1755ರಲ್ಲಿ ಅರಿಕಾ ಎಂಬ ಬಂದರಿನಲ್ಲಿ ಹುಟ್ಟಿದರು. ಆ ಊರು ಈಗ ಚಿಲಿಯಲ್ಲಿದೆ. ಪಾದ್ರಿಯಾಗಲು ಹೊರಟಿದ್ದ ಹುಡುಗನನ್ನು ರಾಜಧಾನಿ ಲಿಮಾದಲ್ಲಿದ್ದ ಸೋದರಮಾವ ವೈದ್ಯಕೀಯಕ್ಕೆ ಹಚ್ಚಿದರು.

1792ರಲ್ಲಿ ಸಾನ್ ಆಂದ್ರೆಸ್ ಆಸ್ಪತ್ರೆಯಲ್ಲಿ ಉನಾನುವೆ ಅಂಗರಚನಾ ಶಾಲೆ ತೆರೆದರು. ಬರೀ ಪುಸ್ತಕ ಓದಿ ಡಾಕ್ಟರಾದರೆ ಸಾಲದು, ಶವ ಕೊಯ್ದು ನೋಡಿ ಕಲಿಯಬೇಕು ಎಂಬುದು ಅವರ ಹಟ. ಉದ್ಘಾಟನೆಯ ದಿನ ಅವರು ಹೂಡಿದ ವಾದ ಜಾಣತನದ್ದು. ಒಳ್ಳೆಯ ವೈದ್ಯರಿಲ್ಲದೆ ಜನ ಕಡಿಮೆಯಾಗುತ್ತಿದ್ದಾರೆ, ಹೀಗಾದರೆ ಗಣಿಗೂ ಹೊಲಕ್ಕೂ ಆಳು ಎಲ್ಲಿಂದ ಬರಬೇಕು ಅಂತ. ಬೆಳ್ಳಿಯ ಮೇಲೆ ಕಣ್ಣಿಟ್ಟ ಸ್ಪೇನಿನ ಅಧಿಕಾರಿಗಳಿಗೆ ಇದು ಥಟ್ಟನೆ ಅರ್ಥವಾಗುವ ಮಾತು, ಅಲ್ವಾ?

ಅಮೆರಿಕ ಖಂಡದ ಹವೆಯೇ ಕೆಟ್ಟದ್ದು, ಅಲ್ಲಿ ಮನುಷ್ಯರ ಬುದ್ಧಿಯೂ ಮಂಕಾಗುತ್ತದೆ ಎಂದು ಆಗ ಯುರೋಪಿನ ಕೆಲವು ಪಂಡಿತರು ಬರೆಯುತ್ತಿದ್ದರು. ಉನಾನುವೆ ಸುಮ್ನೆ ಕೋಪಿಸಿಕೊಳ್ಳಲಿಲ್ಲ. ಲಿಮಾದ ಬಿಸಿಲು, ಮಂಜು, ಗಾಳಿ, ಯಾವ ಕಾಲಕ್ಕೆ ಯಾವ ಕಾಯಿಲೆ, ಎಲ್ಲ ಗಮನಿಸಿ 1806ರಲ್ಲಿ ಪುಸ್ತಕವನ್ನೇ ತಂದರು. ಸ್ವಾತಂತ್ರ್ಯದ ಮಾತು ಇನ್ನೂ ದೂರವಿತ್ತು. ಆದರೆ ನಾವು ಯಾರಿಗೂ ಕಡಿಮೆಯಿಲ್ಲ ಎಂಬ ಮಾತು ಅದರಲ್ಲಾಗಲೇ ಇದೆ.

ಹಾಗಂತ ಅವರನ್ನು ಹುಟ್ಟು ಬಂಡಾಯಗಾರ ಅನ್ನಲಾಗದು. 1820ರಲ್ಲಿ ಸ್ಪೇನಿನ ವಿರುದ್ಧ ಹೋರಾಡುತ್ತಿದ್ದ ದಂಡನಾಯಕ ಸಾನ್ ಮಾರ್ಟಿನ್ ಸೈನ್ಯದೊಂದಿಗೆ ಬಂದಿಳಿದಾಗ, ಲಿಮಾ ಪಕ್ಕದ ಮಿರಾಫ್ಲೋರೆಸ್‌ನಲ್ಲಿ ಎರಡೂ ಕಡೆಯವರ ನಡುವೆ ನಡೆದ ಮಾತುಕತೆಯಲ್ಲಿ ಇವರು ವೈಸ್‌ರಾಯ್ ಕಡೆಯಲ್ಲಿದ್ದರು! ಮರುವರ್ಷ ಸ್ವಾತಂತ್ರ್ಯ ಘೋಷಣೆಯಾಯಿತು, ಇವರು ಹಣಕಾಸು ಮಂತ್ರಿಯಾದರು. ಅವಕಾಶವಾದಿ ಅನ್ನಬಹುದು. ಆದರೆ ಲಿಮಾದ ಹೆಚ್ಚಿನ ದೊಡ್ಡ ಮನುಷ್ಯರೂ ಹೀಗೆಯೇ ಕಾದು ನೋಡಿದವರು.

ಕೈಗೆ ಸಿಕ್ಕಿದ್ದು ಖಾಲಿ ಖಜಾನೆ. ಸರ್ಕಾರ ಕಾಗದದ ಹಣ ತಂದಿತು, ಬೆಳ್ಳಿ ನಾಣ್ಯ ಕಂಡ ಜನ ನಂಬಲಿಲ್ಲ. ಮುಂದೆ ಮತ್ತೊಬ್ಬ ಸ್ವಾತಂತ್ರ್ಯ ನಾಯಕ ಬೊಲಿವಾರ್ ಕಾಲದಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರೂ ಆದರು. ಆಮೇಲೆ ರಾಜಕೀಯ ಬಿಟ್ಟು ಕಾನ್ಯೆತೆಯ ತಮ್ಮ ಕಬ್ಬಿನ ಜಮೀನಿಗೆ ಹೋದರು. ಅಲ್ಲಿ ದುಡಿಯುತ್ತಿದ್ದವರು ಗುಲಾಮರು. ದೇಶಕ್ಕೆ ಬಂದ ಸ್ವಾತಂತ್ರ್ಯ ಆ ಹೊಲದವರೆಗೆ ಬಂದಿರಲಿಲ್ಲ. 1833ರಲ್ಲಿ ತೀರಿಕೊಂಡರು.

ವೈಸ್‌ರಾಯ್ ಅಬಾಸ್ಕಾಲ್ ನೆರವಿನಿಂದ ಅವರು ಕಟ್ಟಿದ ವೈದ್ಯಕೀಯ ಕಾಲೇಜಿಗೆ ಸ್ಪೇನಿನ ದೊರೆಯ ಗೌರವಕ್ಕೆ ಸಾನ್ ಫರ್ನಾಂಡೊ ಎಂಬ ಹೆಸರಿತ್ತು. ಹೊಸ ಸರ್ಕಾರ ಅದನ್ನು ಸ್ವಾತಂತ್ರ್ಯ ಕಾಲೇಜು ಮಾಡಿತು. ಈಗ ಅದು ಸಾನ್ ಮಾರ್ಕೋಸ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗ. ಹೆಸರು ಮಾತ್ರ ಮತ್ತೆ ಸಾನ್ ಫರ್ನಾಂಡೊ.